ಲೋಬಾನದ ಹೊಗೆಗೆ ಬಿದ್ದ ಬೀಗ

ಮಾನ್ಯ ಆಹಾರ ನಿರೀಕ್ಷಕರೇ,

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ಗುರುಮಲ್ಲಮ್ಮನವರ ಹೋಟೆಲಿಗೆ ತಾವು ಬೀಗ ಜಡಿದು ಒಂದೂವರೆ ತಿಂಗಳಾಯಿತು. ಕಾರಣ ಹಳಸಿದ ಸಾಂಬಾರಲ್ಲ, ಹುಳು ಬಿದ್ದ ಹಿಟ್ಟಲ್ಲ, ಕೊಳಕು ನೀರಲ್ಲ. ಕಾರಣ ಹೊಗೆ. ಅದೂ ಒಲೆಯ ಹೊಗೆಯಲ್ಲ, ಗುರುವಾರ ಸಂಜೆ ಸಾಂಬ್ರಾಣಿಯಂತೆ ಹಾಕುವ ಲೋಬಾನದ ಹೊಗೆ. ಜನರನ್ನು ದೋಸೆಗೆ ದಾಸರನ್ನಾಗಿ ಮಾಡುವ ಮದ್ದು ಆ ಹೊಗೆಯಲ್ಲಿದೆ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದರು. ತಾವು ಓದಿದಿರಿ, ನಂಬಿದಿರಿ, ಬೀಗ ಹಾಕಿದಿರಿ, ಆಮೇಲೆ ಬೀಗಿದಿರಿ. ರುಚಿ ನೋಡದೆ ರುಜು ಹಾಕುವ ತಮ್ಮ ಈ ಕರ್ತವ್ಯನಿಷ್ಠೆಗೆ ಮೊದಲು ಒಂದು ನಮಸ್ಕಾರ. ಇದನ್ನು ಪತ್ರಿಕೆಗೆ ಬರೆಯುವ ಬದಲು ನೇರವಾಗಿ ತಮ್ಮ ಕಚೇರಿಗೇ ಬರೆದುಕೊಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೊಟ್ಟೆ. ಅದರ ಮೇಲೆ ಯಾರೋ ಟೀ ಲೋಟ ಇಟ್ಟಿದ್ದನ್ನು ಮರುವಾರ ಕಣ್ಣಾರೆ ಕಂಡೆ. ಪತ್ರಿಕೆಯ ಮೇಲೂ ಜನ ಲೋಟ ಇಡುತ್ತಾರೆ, ನಿಜ. ಆದರೆ ಇಡುವ ಮೊದಲು ಒಂದು ಸಲ ಓದುತ್ತಾರೆ.

ನಾನು ಯಾರೆಂದು ಹೇಳಿಬಿಡುತ್ತೇನೆ, ಹೋಟೆಲಿನ ಏಜೆಂಟನೆಂಬ ಅನುಮಾನ ಬೇಡ. ಚಾಮರಾಜನಗರದವನು. ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತೇನೆ. ಎಲ್ಲಿಯೂ ಸೀಟು ಸಿಗದ ಮಕ್ಕಳು ಕೊನೆಗೆ ಬಂದು ಕೂರುವ ಆ ವಿಷಯವೇ. ನಮ್ಮ ಕ್ಲಾಸಿನಲ್ಲಿ ಹುಡುಗರಿಗಿಂತ ಬೆಂಚುಗಳು ಹೆಚ್ಚು, ಬೆಂಚುಗಳು ಹುಡುಗರಿಗಿಂತ ಹೆಚ್ಚು ಗಮನ ಕೊಡುತ್ತವೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬೇಕು ಎಂಬ ಉದಾಹರಣೆಯನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಅಳಿಸಿದವನು ನಾನು. ಇದಕ್ಕೆ ಶಾಸ್ತ್ರದಲ್ಲಿ ಅನುಮಾನ ಎಂದು ಹೆಸರು. ಅಲ್ಲಿ ಅನುಮಾನ ಎಂದರೆ ತಿಳಿಯುವ ಒಂದು ದಾರಿ. ತಮ್ಮ ಕಚೇರಿಯಲ್ಲಿ ಅನುಮಾನ ಎಂದರೆ ಬರೀ ಅನುಮಾನ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು ಸ್ವಾಮಿ. ಹೊಗೆ ಕಂಡರೆ ಗಾಂಜಾ ಇದೆ, ಗಾಂಜಾ ಇದ್ದರೆ ಪಿತೂರಿ ಇದೆ, ಪಿತೂರಿ ಇದ್ದರೆ ದೋಸೆ ನಿಲ್ಲಿಸಬೇಕು ಎನ್ನುವುದನ್ನು ನಾನು ಇದುವರೆಗೆ ಯಾವ ಬ್ಯಾಚಿಗೂ ಹೇಳಿಕೊಟ್ಟಿಲ್ಲ.

ತಾವು ಈ ಊರಿಗೆ ಹೊಸಬರು. ಹೋಟೆಲನ್ನು ಮುಚ್ಚಲೆಂದೇ ನೋಡಿದವರು. ಮುಚ್ಚುವ ಮೊದಲು ಅದು ಹೇಗಿತ್ತೆಂದು ಹೇಳುತ್ತೇನೆ. ನಾಲ್ಕು ಸಾಲು ಮೇಜು, ಒಂದು ದೊಡ್ಡ ಕಾವಲಿ, ಕಾವಲಿಯ ಹಿಂದೆ ಗುರುಮಲ್ಲಮ್ಮನವರು. ಗಂಡ ತೀರಿಕೊಂಡ ಮೇಲೆ ಆ ಕಾವಲಿಯ ಮುಂದೆ ನಿಂತವರು, ಮಗಳು ಬಿಂದುಶ್ರೀಯನ್ನು ನರ್ಸಿಂಗ್ ಓದಿಸುತ್ತಿರುವುದೂ ಅದರ ಮುಂದೆ ನಿಂತೇ. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ಸಂಜೆ ಈರುಳ್ಳಿ ದೋಸೆ ಮತ್ತು ಹುಚ್ಚೆಳ್ಳು ಚಟ್ನಿ. ಕಾಲೇಜು ಬಿಟ್ಟು ಚಾಮರಾಜನಗರದ ಬಸ್ಸು ಬರುವ ತನಕ ನಾನು ಅಲ್ಲಿ ಕೂರುತ್ತಿದ್ದೆ. ಬಸ್ಸು ತಡವಾಗಲಿ ಎಂದು ಬೇಡಿಕೊಳ್ಳುವ ಪ್ರಯಾಣಿಕ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದಿರಬೇಕು.

ಇನ್ನು ಗುರುವಾರ. ಪ್ರತಿ ಗುರುವಾರ ಸಂಜೆ ಐದರ ಸುಮಾರಿಗೆ ಹಿದಾಯತ್ ಉಲ್ಲಾ ಸಾಬರು ಬಸ್ ನಿಲ್ದಾಣದ ಕಡೆಯಿಂದ ಹೊರಡುತ್ತಾರೆ. ಎಡಗೈಯಲ್ಲಿ ಕೆಂಡ ತುಂಬಿದ ಹಿತ್ತಾಳೆ ಬಟ್ಟಲು, ಅವರ ತಂದೆಯ ಕಾಲದ್ದು. ಬಲಗೈಯಲ್ಲಿ ನವಿಲುಗರಿಯ ಕಟ್ಟು. ಹೆಗಲ ಚೀಲದಲ್ಲಿ ಲೋಬಾನದ ಪುಡಿ. ಮೆಡಿಕಲ್ ಸ್ಟೋರು, ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಜೆರಾಕ್ಸು, ಸೈಬರ್ ಸೆಂಟರು, ಒಂದೂ ಬಿಡುವುದಿಲ್ಲ. ಗಲ್ಲಾಪೆಟ್ಟಿಗೆಯ ಮೇಲಿನ ಫೋಟೋದಲ್ಲಿ ಯಾವ ದೇವರಿದ್ದರೂ ಅದಕ್ಕೊಂದು ಸುತ್ತು ಹೊಗೆ, ಅಂಗಡಿಯವನ ತಲೆಗೊಂದು ನವಿಲುಗರಿಯ ತಟ್ಟು. ಜ್ವರ ಬಂದ ಮಗುವನ್ನು ತಾಯಂದಿರು ಎತ್ತಿಕೊಂಡು ಬಂದು ಅವರ ಮುಂದೆ ನಿಲ್ಲಿಸುತ್ತಾರೆ. ಇದು ಎಂದಿನಿಂದ ನಡೆದುಬಂದಿದೆ ಎಂದು ಈ ಪೇಟೆಯಲ್ಲಿ ಯಾರನ್ನಾದರೂ ಕೇಳಿ. ಉತ್ತರ ಬರುವುದಿಲ್ಲ, ಯಾಕೆಂದರೆ ಅದು ಇಲ್ಲದ ಗುರುವಾರ ಯಾರಿಗೂ ನೆನಪಿಲ್ಲ. ನೆನಪಿಲ್ಲದ ಗುರುವಾರಗಳನ್ನು ತಾವು ಈಗ ಕರುಣಿಸಿದ್ದೀರಿ.

ಗುರುಮಲ್ಲಮ್ಮನವರ ಹೋಟೆಲಿಗೆ ಸಾಬರು ಬಂದಾಗ ಶಟರ್ ಅರ್ಧ ಇಳಿಯುತ್ತದೆ. ನಾನು ಹೊಸದಾಗಿ ಹೋಗಲು ಶುರುಮಾಡಿದಾಗ ಗಾಬರಿಯಾಗಿ ಎದ್ದು ನಿಂತಿದ್ದೆ. ಗುರುಮಲ್ಲಮ್ಮನವರು ಕಾವಲಿಯ ಹಿಂದಿನಿಂದಲೇ ಕೂಗಿದ್ದರು:

"ಕೂರಿ ಮೇಷ್ಟ್ರೇ, ಎದ್ದು ಎಲ್ಗೋಯ್ತೀರಿ? ಊಟಿ ಲಾರಿ ಗಾಳೀಗೆ ಒಗೆ ಒಳಗ್ ನಿಲ್ಲಕಿಲ್ಲ, ಅದ್ಕೆ ಒಸಿ ಬಾಗ್ಲು ಇಳ್ಸದು. ನಿಮ್ ದೋಸೆ ಎಲ್ಗೂ ಓಡೋಗಕಿಲ್ಲ ಬುಡಿ."

ಇಷ್ಟೇ, ಮಾನ್ಯರೇ. ರಸ್ತೆಯ ಗಾಳಿಗೆ ಹೊಗೆ ಹಾರಿಹೋಗಬಾರದೆಂದು ಒಬ್ಬ ಹೆಂಗಸು ಬಾಗಿಲು ಅರ್ಧ ಇಳಿಸಿದಳು. ಇದರಿಂದ ಏನೇನು ಹುಟ್ಟಿತು ನೋಡಿ.

ಆರ್ಕುಟ್ಟಿನಲ್ಲಿ ನಮ್ಮೂರ ಹುಡುಗರದೊಂದು ಕಮ್ಯುನಿಟಿ ಇದೆ. ಮೈಸೂರಿನ ಹಾಸ್ಟೆಲುಗಳಲ್ಲಿರುವವರು, ಇಲ್ಲಿನ ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಕೂರುವವರು ಎಲ್ಲ ಸೇರಿ ಊರಿನ ಉದ್ಧಾರ ಮಾಡುವ ಜಾಗ ಅದು. ಅಲ್ಲಿ 'ಸತ್ಯಶೋಧಕ' ಎಂಬ ಹೆಸರಿನಲ್ಲಿ ಒಬ್ಬ ಕೇಳಿದ: ಗುರುವಾರ ಮಾತ್ರ ಶಟರ್ ಇಳಿಯುವುದೇಕೆ? ಶಟರ್ ಏರಿದ ಮೇಲೆ ಹೊರಗೆ ಬರುವವರ ಕಣ್ಣು ಕೆಂಪಗಿರುವುದೇಕೆ? ಮುಖದಲ್ಲಿ ಅಷ್ಟೊಂದು ತೃಪ್ತಿ ಏಕೆ? ಚಟ್ನಿ ಕಪ್ಪಗಿರುವುದೇಕೆ? ಇದಕ್ಕೆ ಇನ್ನೊಬ್ಬ ಪಂಡಿತ ಉತ್ತರ ಬರೆದ: ಹೆಸರು ನೋಡಿ, ಹುಚ್ಚೆಳ್ಳು, ಹೆಸರಿನಲ್ಲೇ ಹುಚ್ಚಿದೆ, ಹೊಗೆಯೂ ಎಳ್ಳೂ ಸೇರಿದರೆ ಮೆದುಳಿಗೆ ಏರುತ್ತದೆ, ಮತ್ತೆ ಮತ್ತೆ ಅಲ್ಲಿಗೇ ಹೋಗಬೇಕೆನಿಸುತ್ತದೆ. ಹುಚ್ಚೆಳ್ಳು ಚಟ್ನಿ ತಿಂದು ಬೆಳೆದವನೇ ಇದನ್ನು ಬರೆದದ್ದು! ಅವನ ಅಜ್ಜಿ ಕೇಳಿದ್ದರೆ ಒರಳುಕಲ್ಲಿನ ಗುಂಡು ಎತ್ತಿಕೊಂಡು ಬರುತ್ತಿದ್ದರು. ಒಳ್ಳೆಯ ಊಟ ಸಿಕ್ಕುವ ಕಡೆ ಮತ್ತೆ ಮತ್ತೆ ಹೋಗಬೇಕೆನಿಸುವುದು ಈಗ ರೋಗಲಕ್ಷಣ. ಹಾಗಾದರೆ ಸರ್ಕಾರಿ ಕಚೇರಿಗಳು ಎಷ್ಟು ಆರೋಗ್ಯಕರ! ಒಮ್ಮೆ ಹೋದವನಿಗೆ ಮತ್ತೆ ಹೋಗಬೇಕೆನಿಸುವುದೇ ಇಲ್ಲ. ಹೋಗಲೇಬೇಕಾಗುತ್ತದೆ, ಅದು ಬೇರೆ ಮಾತು.

ಪುರಾವೆ ಬೇಡವೇ? ಪುರಾವೆಯಿಲ್ಲದೆ ಪುರಾಣ ನಿಲ್ಲುವುದಿಲ್ಲ. ಹಾಗಾಗಿ ಒಂದು ಫೋಟೋ ಬಂತು. ಮೊಬೈಲಿನಲ್ಲಿ ರಸ್ತೆಯ ಆಚೆಯಿಂದ ತೆಗೆದದ್ದು. ಅರ್ಧ ಇಳಿದ ಶಟರ್, ಅದರ ಕೆಳಗಿನಿಂದ ಬುಸುಗುಡುವ ಹೊಗೆ, ಹೊಗೆಯ ನಡುವೆ ಚಾಚಿಕೊಂಡ ಎರಡು ಕಾಲು. ಕೆಳಗೆ ಬರೆದಿತ್ತು: 'ಪ್ರಜ್ಞೆ ತಪ್ಪಿ ಬಿದ್ದಿರುವ ಗ್ರಾಹಕ'. ಮಾನ್ಯರೇ, ಆ ಕಾಲು ನನ್ನದು. ಎಡ ಚಪ್ಪಲಿಯ ಉಂಗುಟಕ್ಕೆ ಸೇಫ್ಟಿ ಪಿನ್ನು ಹಾಕಿರುವುದನ್ನು ದೊಡ್ಡದು ಮಾಡಿ ನೋಡಿ, ಕಾಣುತ್ತದೆ. ಇಡೀ ದಿನ ನಿಂತು ಪಾಠ ಮಾಡಿದವನು ಕಾಲು ಚಾಚಿ ಕೂತು ದೋಸೆಗೆ ಕಾಯುತ್ತಿದ್ದೆ. ಇಷ್ಟು ವರ್ಷದ ಸೇವೆಯಲ್ಲಿ ನನ್ನ ಮುಖ ಒಂದು ಪತ್ರಿಕೆಯಲ್ಲೂ ಬರಲಿಲ್ಲ. ನನ್ನ ಕಾಲು ಮಾತ್ರ ಜಗತ್ಪ್ರಸಿದ್ಧವಾಯಿತು, ಅದೂ ಪ್ರಜ್ಞೆ ತಪ್ಪಿ.

ನೆಟ್ಟಿನಲ್ಲೇ ಇದ್ದಿದ್ದರೆ ಅದು ಅಲ್ಲೇ ಹಳಸಿಹೋಗುತ್ತಿತ್ತು. ಆದರೆ ಯಾರೋ ಅದನ್ನು ಪ್ರಿಂಟ್ ಹಾಕಿಸಿ ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದರು. ಆಮೇಲೆ ಎಸ್ಸೆಮ್ಮೆಸ್ಸು, ಇಪ್ಪತ್ತು ಜನಕ್ಕೆ ಕಳಿಸದಿದ್ದರೆ ಕೆಟ್ಟದಾಗುತ್ತದೆ ಎಂಬ ಎಚ್ಚರಿಕೆಯ ಸಮೇತ. ಆಮೇಲೆ ಬಸ್ಸು. ನೆಟ್ಟಿಗಿಂತ ನಮ್ಮ ಕಡೆ ಬಸ್ಸೇ ಸ್ಪೀಡು. ಚಾಮರಾಜನಗರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕುದೇರಿನ ಇಬ್ಬರು ಹೆಂಗಸರು ಕೂತಿದ್ದರು.

"ಆ ಓಟ್ಲಲ್ಲಿ ಅದೇನೋ ಒಗೆ ಆಕ್ತಾರಂತೆ ಕಣಕ್ಕಾ. ಕುಡುದೋರ್ಗೆ ಮನೆ ಗ್ಯಾನನೇ ಬರಕಿಲ್ವಂತೆ."

"ಅಂಗಾರೆ ನಮ್ಮನೇವ್ರು ದಿನಾ ಅಲ್ಗೇ ಓಯ್ತಾರೆ ಬುಡು."

"ಗುಂಡ್ಲುಪೇಟ್ಗಾ? ಅಷ್ಟ್ ದೂರ್ವಾ?"

"ಸಂತೆಮರಳ್ಳಿಗೆ ಅಂತ ಯೋಳ್ಬುಟ್ ಓಯ್ತಾರೆ ಕಣಮ್ಮಿ. ಬರದ್ ನೋಡುದ್ರೆ ಗುಂಡ್ಲುಪೇಟ್ಗೇ ಓಗಿರ್ಬೇಕು."

ನಾನೂ ನಕ್ಕೆ. ತಪ್ಪಿಲ್ಲವಲ್ಲ, ಮಾತು ಬಸ್ಸಿನಲ್ಲಿತ್ತು, ಇಳಿದ ಮೇಲೆ ಬಸ್ಸಿನಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ. ಮುಂದಿನ ಗುರುವಾರ ಅದು ಜೀಪು ಹತ್ತಿ ಬಂತು. ಜೀಪಿನ ಮುಂದಿನ ಸೀಟಿನಲ್ಲಿ ತಾವಿದ್ದಿರಿ, ಕೈಯಲ್ಲಿ ಬಸ್ ನಿಲ್ದಾಣದ ಕಂಬದಿಂದ ಕಿತ್ತ ಅದೇ ಪ್ರಿಂಟು. ಅಂಟಿನ ಗುರುತು ಇನ್ನೂ ಇತ್ತು.

ಅಂದು ನಡೆದದ್ದಕ್ಕೆ ನಾನು ಸಾಕ್ಷಿ. ಅರ್ಧ ದೋಸೆ ತಿಂದಿದ್ದೆ, ಇನ್ನರ್ಧ ತಟ್ಟೆಯಲ್ಲಿತ್ತು. ಸಾಬರು ಒಳಗೆ ಹೊಗೆ ಹಾಕುತ್ತಿದ್ದರು. ತಾವು ಶಟರಿನ ಕೆಳಗೆ ಬಗ್ಗಿ ಬಂದಿರಿ, ಬಂದ ರಭಸಕ್ಕೆ ಕೆಮ್ಮು ಬಂತು, ಕೆಮ್ಮನ್ನೇ ಮೊದಲ ಪುರಾವೆಯೆಂದು ಬರೆಸಿದಿರಿ. ಬಟ್ಟಲು ತೋರಿಸಿ ಕೇಳಿದಿರಿ:

"ಏನಮ್ಮಾ ಇದು?"

"ಲೋಬಾನ ಸಾರ್."

"ಇದನ್ನ ಯಾವುದಕ್ಕೆ ಹಾಕ್ತೀರಿ?"

"ಯಾವ್ದುಕ್ಕೂ ಆಕಕಿಲ್ಲ ಸಾರ್. ಕೆಂಡುಕ್ಕೆ ಆಕ್ತೀವಿ."

ಮಹಜರಿನಲ್ಲಿ ತಾವು ಬರೆಸಿದ್ದು: 'ಸದರಿ ಪದಾರ್ಥವನ್ನು ಕೆಂಡದ ಮೇಲೆ ಬೇಯಿಸಿ ಬಳಸುವುದಾಗಿ ಮಾಲೀಕರು ಒಪ್ಪಿಕೊಂಡಿರುತ್ತಾರೆ.' ಆಗ ಹಿದಾಯತ್ ಸಾಬರು ಮೆಲ್ಲಗೆ ಹೇಳಿದರು, "ಸಾಹೇಬ್ರೇ, ಇಲ್ಲಿಂದ ನಾನು ನಿಮ್ಮ ಆಫೀಸಿಗೇ ಬರೋದು."

"ನಮ್ಮ ಆಫೀಸಿಗೆ ಯಾಕ್ರೀ?"

"ಪ್ರತಿ ಗುರುವಾರ ಬರ್ತೀನಲ್ಲ ಸಾಹೇಬ್ರೇ. ನಿಮ್ಮ ಬೀರುಗೆ, ಕುರ್ಚಿಗೆ ಎಲ್ಲಾ ಹಾಕಿ ಹೋಗ್ತೀನಿ. ನೀವು ಅಷ್ಟು ಹೊತ್ತಿಗೆ ಹೊರಟುಬಿಟ್ಟಿರ್ತೀರಿ."

ಹೋಟೆಲಿನಲ್ಲಿದ್ದ ಎಲ್ಲರೂ ತಟ್ಟೆ ನೋಡತೊಡಗಿದರು. ನಗು ಬಂದಾಗ ಮರ್ಯಾದಸ್ಥರು ಮಾಡುವುದು ಅದನ್ನೇ. ತಮಗೆ ಸಿಟ್ಟು ಬಂತು. ಬಟ್ಟಲನ್ನು ಕಸಿದು, ಕೆಂಡದ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿದಿರಿ. ಚೀಲ ಕರಗಿತು. "ನೋಡ್ರೀ, ಹೆಂಗೆ ಸುಡ್ತಾ ಇದೆ, ಇದು ಕೆಮಿಕಲ್ಲೇ!" ಎಂದು ಕೂಗಿದಿರಿ. ಕೆಂಡಕ್ಕೆ ಸುಡುವ ಗುಣವಿದೆ ಎಂಬುದನ್ನು ಇಲಾಖೆಯೊಂದು ಸಾರ್ವಜನಿಕವಾಗಿ ಪ್ರಯೋಗ ಮಾಡಿ ತೋರಿಸಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಆಮೇಲೆ ನೀರು ಸುರಿಸಿ, ಬಟ್ಟಲಿಗೆ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಲ್ಯಾಬಿಗೆ ಮಾದರಿ ತೆಗೆದದ್ದಾಯಿತು. ನಮ್ಮೆಲ್ಲರನ್ನೂ ಹೊರಗೆ ಕಳಿಸಿ ಶಟರ್ ಪೂರ್ತಿ ಇಳಿಸಿದಿರಿ.

ಗಮನಿಸಿ. ಹಿಟ್ಟಿನ ಮಾದರಿ ತೆಗೆಯಲಿಲ್ಲ. ಚಟ್ನಿಯ ಮಾದರಿ ತೆಗೆಯಲಿಲ್ಲ. ಸಾಂಬಾರು, ಎಣ್ಣೆ, ನೀರು, ಯಾವುದನ್ನೂ ತಾವು ಮುಟ್ಟಲಿಲ್ಲ. ಆಹಾರ ನಿರೀಕ್ಷಕರು ಹೋಟೆಲಿಗೆ ಬಂದು ಆಹಾರ ಒಂದನ್ನು ಬಿಟ್ಟು ಮಿಕ್ಕದ್ದನ್ನು ನಿರೀಕ್ಷಿಸಿದರು. ಮಾದರಿ ಅಧಿಕಾರಿ ಎಂದರೆ ಹೀಗಿರಬೇಕು. ನನ್ನ ಅರ್ಧ ದೋಸೆ ತಟ್ಟೆಯಲ್ಲೇ ಉಳಿಯಿತು. ಈಗಲೂ ಒಳಗೇ ಇದೆ. ಒಂದೂವರೆ ತಿಂಗಳಲ್ಲಿ ಅದಕ್ಕೆ ಏನಾಗಿರಬಹುದೆಂದು ಊಹಿಸಿದರೆ ಮೈ ಜುಮ್ಮೆನ್ನುತ್ತದೆ. ಗುರುಮಲ್ಲಮ್ಮನವರ ಹೋಟೆಲಿನಲ್ಲಿ ಇಂದು ಜನರ ಆರೋಗ್ಯಕ್ಕೆ ನಿಜವಾಗಿ ಅಪಾಯಕಾರಿಯಾದ ಒಂದೇ ಒಂದು ಪದಾರ್ಥವಿದ್ದರೆ, ಅದು ತಾವು ಸೀಲು ಹಾಕಿ ಕಾಪಾಡುತ್ತಿರುವ ಆ ಅರ್ಧ ದೋಸೆ.

ಲ್ಯಾಬಿನ ಉತ್ತರಕ್ಕೆ ಕಾದೆವು. ಬಂತೆಂದು ಕೇಳಿ ಒಂದು ಗುರುವಾರ ಮಧ್ಯಾಹ್ನವೇ ತಮ್ಮ ಕಚೇರಿಗೆ ಬಂದೆ, ಸಂಜೆಗೆ ತಾವು ಸಿಗುವುದಿಲ್ಲವಲ್ಲ. ತಾವು ಸೊಳ್ಳೆ ಹೊಡೆಯುತ್ತ ಕೂತಿದ್ದಿರಿ. ಅಂದು ನಾವು ಆಡಿದ ಮಾತನ್ನು ನಾನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೇನೆ. ಮುಂದಿನ ವರ್ಷದ ಪಾಠಕ್ಕೆ ಬೇಕಾಗುತ್ತದೆ.

"ಲ್ಯಾಬಿನವರು ಇದು ಆಹಾರ ಪದಾರ್ಥವೇ ಅಲ್ಲ, ಪರೀಕ್ಷೆ ಮಾಡೋಕೆ ಬರೋದಿಲ್ಲ ಅಂದಿದ್ದಾರೆ ಮೇಷ್ಟ್ರೇ."

"ಒಳ್ಳೇದಾಯ್ತು. ಹಾಗಾದ್ರೆ ಬೀಗ ತೆಗೀರಿ."

"ಹೇಗೆ ತೆಗೀಲಿ? ಆಹಾರ ಸರಿಯಿದೆ ಅಂತ ಅವರು ಎಲ್ಲಿ ಹೇಳಿದ್ದಾರೆ?"

"ನೀವು ಆಹಾರ ಕಳಿಸಿಯೇ ಇಲ್ಲವಲ್ಲ ಸ್ವಾಮಿ."

"ಕಳಿಸಬೇಕಾದ್ರೆ ಹೋಟೆಲಲ್ಲಿ ಆಹಾರ ಮಾಡ್ತಿರಬೇಕು."

"ಮಾಡೋಕೆ ಹೋಟೆಲಿಗೆ ಬೀಗ ಹಾಕಿದ್ದೀರಲ್ಲ!"

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು."

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ದೋಷ ಎಂದು ಹೆಸರು. ಇದರ ಕಾಲಿಗೆ ಅದು ಕಟ್ಟಿಕೊಂಡಿರುತ್ತದೆ, ಅದರ ಕಾಲಿಗೆ ಇದು. ಎರಡೂ ನಿಂತಲ್ಲೇ ನಿಂತಿರುತ್ತವೆ. ಮಕ್ಕಳಿಗೆ ಇದನ್ನು ಅರ್ಥ ಮಾಡಿಸಲು ನಾನು ಪಡದ ಪಾಡಿಲ್ಲ, ತಾವು ಒಂದೇ ಸೊಳ್ಳೆ ಹೊಡೆಯುವಷ್ಟರಲ್ಲಿ ಮಾಡಿ ತೋರಿಸಿದಿರಿ. ನಾನು ಮೆಟ್ಟಿಲಿಳಿಯುವಾಗ ತಮ್ಮ ಅಟೆಂಡರ್ ಪುಟ್ಟಮಾದು ಹಿಂದೆಯೇ ಬಂದು ಪಿಸುಗುಟ್ಟಿದ: "ಸಾಬ್ರುಗೆ ಒಸಿ ಬರಾಕ್ ಯೋಳಿ ಸಾರ್. ಅವ್ರು ಒಗೆ ಆಕದ್ ನಿಲ್ಸುದ್ ಮ್ಯಾಕೆ ಸೊಳ್ಳೆ ವಿಪರೀತ ಆಗ್ಬುಟ್ಟವೆ. ನಮ್ ಸಾಹೇಬ್ರು ಕಚ್ಚುಸ್ಕಂಡೂ ಕಚ್ಚುಸ್ಕಂಡೂ ನಮ್ ಮ್ಯಾಲೆ ರೇಗ್ತಾರೆ."

ಇನ್ನು ಆ 'ಸತ್ಯಶೋಧಕ' ಯಾರು? ಅವನೇ ಬಂದು ನನ್ನ ಮುಂದೆ ನಿಂತ. ಶರತ್. ಬೇಗೂರಿನವನು, ನನ್ನ ಹಳೆಯ ವಿದ್ಯಾರ್ಥಿ, ಈಗ ಮೈಸೂರಿನಲ್ಲಿ ಓದುತ್ತಾನೆ. ಅವನ ಅಪ್ಪನದು ಗುಂಡ್ಲುಪೇಟೆಯಲ್ಲೇ ಗೊಬ್ಬರದ ಅಂಗಡಿ. ಚಿಕ್ಕವನಿದ್ದಾಗ ಜ್ವರ ಬಂದರೆ ಆ ಅಂಗಡಿಯ ಚೀಲಗಳ ಮೇಲೆ ಅವನನ್ನು ಕೂರಿಸಿ ಇದೇ ಹಿದಾಯತ್ ಸಾಬರಿಂದ ಇದೇ ನವಿಲುಗರಿಯಲ್ಲಿ ತಲೆ ತಟ್ಟಿಸುತ್ತಿದ್ದರು.

"ಸಾರ್, ತಮಾಷೆಗೆ ಹಾಕ್ದೆ ಸಾರ್. ಫೋಟೋ ಸಖತ್ತಾಗಿ ಬಂದಿತ್ತು, ದೆವ್ವದ ಪಿಕ್ಚರ್ ಥರ."

"ಅದು ಲೋಬಾನ ಅಂತ ನಿಂಗೆ ಗೊತ್ತಿರಲಿಲ್ವೇನೋ?"

"ಗೊತ್ತಿತ್ತು ಸಾರ್. ಆದ್ರೆ ಸ್ಕ್ರೀನ್ ಮೇಲೆ ನೋಡ್ತಾ ನೋಡ್ತಾ ನಂಗೇ ಡೌಟ್ ಬಂದ್ಬುಡ್ತು."

ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಂಗಡಿಯಲ್ಲಿ ಕೂತು ಮೂಗಿನಲ್ಲಿ ಎಳೆದುಕೊಂಡ ಹೊಗೆ ಪರದೆಯ ಮೇಲೆ ಏರಿದ ಕೂಡಲೇ ಬೇರೆ ಯಾರದೋ ಊರಿನ ಹೊಗೆಯಾಯಿತು. ಇನ್ನೊಂದು ವಿಷಯ ಹೇಳಿದ. ಆ ಪ್ರಶ್ನೆಗಳನ್ನು ಅವನು ಟೈಪ್ ಮಾಡಿದ್ದು ಗುರುವಾರ ಸಂಜೆ, ಇಲ್ಲಿನ ಸೈಬರ್ ಸೆಂಟರಿನಲ್ಲಿ. ಅರ್ಧಕ್ಕೆ ನಿಲ್ಲಿಸಿ ಕುರ್ಚಿ ಹಿಂದೆ ಸರಿಸಬೇಕಾಯಿತಂತೆ. ಯಾಕೆಂದರೆ ಸಾಬರು ಬಂದು ಅವನ ಮಾನಿಟರಿಗೂ ಒಂದು ಸುತ್ತು ಹೊಗೆ ಹಾಕಿ ಹೋದರು.

ಹುಡುಗ ತಪ್ಪು ತಿದ್ದಲು ಹೊರಟ. ಅದೆಲ್ಲ ನಾನು ತಮಾಷೆಗೆ ಬರೆದದ್ದು, ಅದು ಲೋಬಾನ, ಕಾಲು ನಮ್ಮ ಮೇಷ್ಟ್ರದು ಎಂದು ಅಲ್ಲೇ ಬರೆದ. ಬಂದ ಉತ್ತರಗಳನ್ನು ನನಗೆ ತೋರಿಸಿದ. 'ಎಷ್ಟಕ್ಕೆ ಮಾರ್ಕಂಡ್ಯಲಾ?' ಎಂದು ಒಬ್ಬ. 'ಇವನ ಅಕೌಂಟು ಹ್ಯಾಕ್ ಆಗಿದೆ, ಇವನು ನಿಜವಾದ ಸತ್ಯಶೋಧಕನಲ್ಲ' ಎಂದು ಇನ್ನೊಬ್ಬ. 'ಪಾಪ, ಇವನಿಗೂ ದೋಸೆ ತಿನ್ನಿಸಿಬಿಟ್ಟಿದ್ದಾರೆ' ಎಂದು ಮೂರನೆಯವನು. ಸುಳ್ಳನ್ನು ಹುಟ್ಟಿಸಿದವನೇ ಬಂದು ಇದು ಸುಳ್ಳು ಎಂದರೂ ಸುಳ್ಳು ಅವನನ್ನು ಮನೆಯಿಂದ ಹೊರಗೆ ಹಾಕಿತು. ಎಲ್ಲಕ್ಕಿಂತ ಕೊನೆಗೆ ಒಬ್ಬ ಬರೆದಿದ್ದ ಸಾಲು ಮಾತ್ರ ತಮಗಾಗಿಯೇ: 'ಏನೂ ಇಲ್ಲದಿದ್ದರೆ ಸರ್ಕಾರ ಯಾಕೆ ಬೀಗ ಹಾಕುತ್ತಿತ್ತು?'

ಹೇಳಿ ಮಾನ್ಯರೇ, ಇದಕ್ಕೆ ನಾನು ಏನು ಉತ್ತರ ಕೊಡಲಿ? ನೆಟ್ಟಿನಲ್ಲಿ ಬಂದಿದೆ ಎಂದು ತಾವು ಬೀಗ ಹಾಕಿದಿರಿ. ತಾವು ಬೀಗ ಹಾಕಿದ್ದೀರೆಂದು ನೆಟ್ಟಿನವರು ನಂಬಿದರು. ತಮ್ಮ ಪುರಾವೆ ಅವರು, ಅವರ ಪುರಾವೆ ತಾವು. ಅವರು ಹೆಸರು ಮರೆಸಿಕೊಂಡು ಬರೆಯುತ್ತಾರೆ, ತಾವು ಹೆಸರು ಬರೆದು ಮುದ್ರೆ ಒತ್ತುತ್ತೀರಿ. ಇಬ್ಬರಲ್ಲಿ ಹೆಚ್ಚು ಅಪಾಯಕಾರಿ ಯಾರು? ಲ್ಯಾಬಿನ ಉತ್ತರವನ್ನು ತಾವು ಹೊರಗೆ ಹೇಳದಿರುವುದಕ್ಕೂ ಅಲ್ಲಿ ಈಗ ಒಂದು ಅರ್ಥ ಹುಟ್ಟಿದೆ: 'ವರದಿ ಮುಚ್ಚಿಹಾಕಿದ್ದಾರೆ, ಮೇಲಿನವರ ಕೈವಾಡವಿದೆ.' ತಮ್ಮ ಸೋಮಾರಿತನವನ್ನು ಪಿತೂರಿ ಎಂದು ನಂಬುವಷ್ಟು ಗೌರವ ಅವರಿಗೆ ತಮ್ಮ ಮೇಲಿದೆ. ತಮ್ಮನ್ನು ಕಣ್ಣಾರೆ ಕಂಡಿರುವ ನನಗೆ ಆ ಭ್ರಮೆಯಿಲ್ಲ.

ಇಷ್ಟು ಹೊತ್ತು ನಗಿಸಿದೆ. ಇನ್ನು ನಗದ ವಿಷಯ. ಕಟ್ಟಡದ ಮಾಲೀಕರು ಗುರುಮಲ್ಲಮ್ಮನವರಿಗೆ ದೀಪಾವಳಿಯವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಶಟರ್ ಏಳದಿದ್ದರೆ ಆ ಜಾಗ ಮೊಬೈಲ್ ಅಂಗಡಿಗೆ ಹೋಗುತ್ತದೆ. ಹೊಗೆಯ ಫೋಟೋ ತೆಗೆದ ವಸ್ತುವನ್ನೇ ಹೊಗೆ ಹಾಕಿದ ಜಾಗದಲ್ಲಿ ಮಾರುತ್ತಾರೆ, ಎಷ್ಟು ಚೆಂದ. ಹಿದಾಯತ್ ಸಾಬರ ಗುರುವಾರವೂ ನಿಂತಿದೆ. "ಬೇಡ ಸಾಬ್ರೇ, ನಮ್ಗೂ ಕೇಸಾದ್ರೆ ಕಷ್ಟ" ಎಂದು ಅಂಗಡಿಯವರು ಕೈ ಮುಗಿಯುತ್ತಿದ್ದಾರೆ. ಬೇಡವೆನ್ನದಿದ್ದರೂ ಅವರು ಬರುವುದು ಹೇಗೆ? ಬಟ್ಟಲು ತಮ್ಮ ಮುದ್ರೆಯ ಕೆಳಗಿದೆ.

ಕಳೆದ ಗುರುವಾರ ಬಸ್ಸಿಗೆ ಕಾಯುತ್ತ ಹೋಟೆಲಿನ ಕಡೆ ಹೋದೆ, ಕಾಲಿಗೆ ಅಭ್ಯಾಸ. ಗುರುಮಲ್ಲಮ್ಮನವರು ಮುಚ್ಚಿದ ಶಟರಿನ ಮುಂದೆ ಮೆಟ್ಟಿಲ ಮೇಲೆ ಕೂತಿದ್ದರು. ಮನೆಯಿಂದ ಒಂದು ಹೆಂಚಿನ ಚೂರಿನಲ್ಲಿ ಕೆಂಡ ತಂದಿದ್ದರು. ಎದುರಿಗೆ ಹಿದಾಯತ್ ಸಾಬರು ಖಾಲಿ ಕೈಯಲ್ಲಿ ನಿಂತಿದ್ದರು, ನವಿಲುಗರಿಯೂ ತಂದಿರಲಿಲ್ಲ, ಹೆಗಲಲ್ಲಿ ಚೀಲ ಮಾತ್ರ.

"ಆಕಿ ಸಾಬ್ರೇ."

"ಬೇಡಮ್ಮಾ. ಯಾರಾದ್ರೂ ಇನ್ನೊಂದು ಫೋಟೋ ಹೊಡೀತಾರೆ. ನನ್ನಿಂದ ನಿಮಗೆ ಆಗಿರೋದೇ ಸಾಕು."

"ನಿಮ್ಮಿಂದ ಏನಾಯ್ತು? ನಮ್ಮೆಜಮಾನ್ರು ಈ ಕಾವಲಿ ಮಡಗ್ದಾಗ ಮೊದುಲ್ ಒಗೆ ಆಕ್ದೋರ್ ನೀವು. ಇವತ್ ನೀವ್ ಆಕ್ದೆ ಓದ್ರೆ ಅವ್ರ್ ಬರ್ದಿರದೇ ದಿಟ ಅಂದಂಗಾಯ್ತದೆ. ಆಕಿ."

"ಬಾಗಿಲಿಗೆ ಬೀಗ ಇದೆಯಲ್ಲಮ್ಮಾ."

"ಬೀಗ ನಮ್ಗೆ. ಒಗೆಗೆ ಯಾರ್ ಆಕಿದ್ದಾರು?"

ಸಾಬರು ಚೀಲದಿಂದ ಒಂದು ಚಿಟಿಕೆ ತೆಗೆದು ಕೆಂಡಕ್ಕೆ ಹಾಕಿದರು. ಗುರುಮಲ್ಲಮ್ಮನವರು ಸೆರಗಿನಿಂದ ಬೀಸಿದರು. ಹೊಗೆ ಒಮ್ಮೆ ರಸ್ತೆಯ ಕಡೆ ನೋಡಿ, ತಿರುಗಿ, ಶಟರಿನ ಕೆಳಗಿನ ಸಂದಿನಿಂದ ಸದ್ದಿಲ್ಲದೆ ಒಳಗೆ ಹೋಯಿತು. ತಮ್ಮ ಅರಗು ಕರಗಲಿಲ್ಲ, ಮುದ್ರೆ ಒಡೆಯಲಿಲ್ಲ. ಆದರೂ ಇದು ಕಾನೂನು ಮುರಿದದ್ದಾದರೆ, ಮುರಿದದ್ದು ಹೊಗೆ, ಸಾಕ್ಷಿ ನಾನು. ಸ್ವಲ್ಪ ಹೊತ್ತಿಗೆ ಅದೇ ಹೊಗೆ ಮೇಲಿನ ಗವಾಕ್ಷಿಯಿಂದ ಹೊರಗೆ ಬಂತು. ಮೂವರೂ ತಲೆಯೆತ್ತಿ ನೋಡುತ್ತ ನಿಂತೆವು.

ಮರುದಿನ ಹೊಸ ಫೋಟೋ ಬಂತು. 'ಬೀಗ ಹಾಕಿದ ಹೋಟೆಲಿನ ಒಳಗಿನಿಂದ ಹೊಗೆ! ದಂಧೆ ಇನ್ನೂ ನಡೆಯುತ್ತಿದೆ! ಅಧಿಕಾರಿಗಳೂ ಶಾಮೀಲು!' ಮೂಲೆಯಲ್ಲಿ ಎರಡು ಕಾಲು. ಈ ಸಲವೂ ನನ್ನವೇ, ಪಿನ್ನಿನ ಸಮೇತ. ಆದರೆ ಮಾನ್ಯರೇ, ಈ ಸಲ ಶಾಮೀಲಾದವರ ಪಟ್ಟಿಗೆ ತಾವೂ ಸೇರಿದ್ದೀರಿ. ಸ್ವಾಗತ. ಬನ್ನಿ, ಪಕ್ಕದಲ್ಲಿ ಜಾಗವಿದೆ. ಇನ್ನು ಮುಂದೆ ತಾವು ಬೀಗ ತೆಗೆಯದಿದ್ದರೂ ಪಿತೂರಿ, ತೆಗೆದರೂ ಪಿತೂರಿ. ಎರಡೂ ಒಂದೇ ಆದಮೇಲೆ, ಕನಿಷ್ಠ ದೋಸೆ ಸಿಗುವ ಪಿತೂರಿಯನ್ನಾದರೂ ಆರಿಸಿಕೊಳ್ಳಬಾರದೇ?

ಆದ್ದರಿಂದ ನನ್ನ ಒತ್ತಾಯ ಇದು. ಬರುವ ಗುರುವಾರ ಸಂಜೆ ಐದಕ್ಕೆ, ದಯವಿಟ್ಟು ಒಂದು ದಿನದ ಮಟ್ಟಿಗೆ ಆ ಹೊತ್ತಿನ ತನಕ ಕರ್ತವ್ಯದಲ್ಲಿದ್ದು, ಹೋಟೆಲಿಗೆ ಬನ್ನಿ. ಹಿತ್ತಾಳೆ ಬಟ್ಟಲನ್ನು ತನ್ನಿ. ಅದನ್ನು ಜೀಪಿನ ಡ್ರೈವರ್ ಕೈಯಲ್ಲಿ ಕೊಡಿಸಬೇಡಿ, ತಾವೇ ಹಿದಾಯತ್ ಉಲ್ಲಾ ಸಾಬರ ಕೈಗೆ ಕೊಡಿ, ಕಸಿದದ್ದು ತಾವೇ ಅಲ್ಲವೇ? ಹಾಕಿದ ಬೀಗವನ್ನು ತಾವೇ ತೆಗೆಯಿರಿ. ಗುರುಮಲ್ಲಮ್ಮನವರು ಕಾವಲಿ ತೊಳೆದು ಒಲೆ ಹಚ್ಚುತ್ತಾರೆ. ಆಮೇಲೆ ಬೇಕಾದಷ್ಟು ಮಾದರಿ ತೆಗೆಯಿರಿ, ಹಿಟ್ಟಿನದು, ಚಟ್ನಿಯದು, ಸಾಂಬಾರಿನದು, ಈ ಸಲ ನಿಜವಾಗಿಯೂ ಆಹಾರದ್ದು. ಅದಕ್ಕೆ ಅವರು ಎಂದೂ ಬೇಡವೆಂದಿಲ್ಲ. ಲ್ಯಾಬು ಏನು ಹೇಳಿದರೂ ಅದನ್ನು ತಮ್ಮ ಹೆಸರಿನಲ್ಲಿ ಬಸ್ ನಿಲ್ದಾಣದ ಅದೇ ಕಂಬಕ್ಕೆ ಅಂಟಿಸಿ. ಅಂಟು ನಾನು ತರುತ್ತೇನೆ.

ಶಟರ್ ಅರ್ಧ ಇಳಿದಾಗ ತಾವು ಒಳಗೇ ಇರಿ. ಕೂತು ಒಂದು ದೋಸೆ ತಿನ್ನಿ. ಕಣ್ಣಿನಲ್ಲಿ ಸ್ವಲ್ಪ ನೀರು ಬರುತ್ತದೆ, ಹೆದರಬೇಡಿ, ಅದು ಹೊಗೆಗೆ. ಶರತ್ ರಸ್ತೆಯ ಆಚೆ ಮೊಬೈಲು ಹಿಡಿದು ನಿಂತಿರುತ್ತಾನೆ, ಅದೇ ಜಾಗದಲ್ಲಿ. ಶಟರ್ ಏರಿದ ಕೂಡಲೇ ತಾವು ಹೊರಗೆ ಬಂದು ನಿಲ್ಲಿ. ಎರಡು ಸಲ ಫೋಟೋದಲ್ಲಿ ನನ್ನ ಕಾಲು ಬಂತು: ಮೊದಲ ಸಲ ಹೋಟೆಲು ಮುಚ್ಚಿತು, ಎರಡನೆಯ ಸಲ ತಾವೂ ಶಾಮೀಲಾದಿರಿ. ಈ ಸಲ ಫೋಟೋದಲ್ಲಿ ಒಂದು ಮುಖ ಬರಲಿ, ತಮ್ಮದು. ನಂಬುವವರು ನಂಬುತ್ತಾರೆ, ನಂಬದವರು ತಮಗೂ ದೋಸೆ ತಿನ್ನಿಸಿಬಿಟ್ಟಿದ್ದಾರೆ ಎನ್ನುತ್ತಾರೆ. ಮೊದಲ ಬಾರಿಗೆ ಅವರು ಬರೆದದ್ದು ನಿಜವಾಗಿರುತ್ತದೆ.

ಇಂತಿ, ಫೋಟೋದಲ್ಲಿ ಪ್ರಜ್ಞೆ ತಪ್ಪಿದ್ದರೂ ಬಸ್ಸಿನ ವೇಳೆಗೆ ಸರಿಯಾಗಿ ಎಚ್ಚರವಿರುವ,
ತಮ್ಮ ಬೀಗದ ಹಿಂದೆ ಅರ್ಧ ದೋಸೆ ಬಿಟ್ಟುಬಂದಿರುವ,
ಒಬ್ಬ ತರ್ಕಶಾಸ್ತ್ರದ ಮೇಷ್ಟ್ರು
ಚಾಮರಾಜನಗರ

(ಗುರುತಿಗೆ: ಎಡ ಚಪ್ಪಲಿಯಲ್ಲಿ ಪಿನ್ನು.)